ಅಪ್ಪನ ಕಂಪ್ಯೂಟರಿನ ಜಗಲಿ

ಕಳೆದ ತಿಂಗಳು ಮನೆಗೆ ಹೊಸ ಲ್ಯಾಪ್‌ಟಾಪ್ ಬಂತು. ಬ್ರೌಸರ್ ತೆರೆದ ಕೂಡಲೇ ಕಾಣಿಸಿದ ಪುಟದಲ್ಲಿ ಯಾವುದೋ ನಟಿಯ ಮದುವೆಯ ಸೀರೆ, ಹೊಟ್ಟೆಯ ಬೊಜ್ಜು ಕರಗಿಸುವ ಬೀಜ, ನಾನು ನೋಡದ ಪಂದ್ಯವೊಂದರ ಕೊನೆಯ ಓವರ್ ಮತ್ತು ಎರಡು ಕಾರುಗಳ ಜಾಹೀರಾತು ಇದ್ದವು. ಮೇಲುಗಡೆ ‘ನಿಮಗಾಗಿ’ ಎಂದು ಬರೆದಿತ್ತು. ಅದನ್ನು ತೆಗೆದುಹಾಕಿ ಖಾಲಿ ಪುಟ ಬರುವಂತೆ ಮಾಡಲು ಸೆಟ್ಟಿಂಗ್‌ಗಳೊಳಗೆ ಮೂರು ಹಂತ ಇಳಿಯಬೇಕಾಯಿತು. ಇಳಿದೆ, ತೆಗೆದೆ, ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ‘ನಿಮಗಾಗಿ’ ಎಂಬ ಆ ಪದ ಮಾತ್ರ ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನಂತೆ ಕೆಲವು ದಿನ ಉಳಿದುಬಿಟ್ಟಿತು.

ನನ್ನ ಅಪ್ಪ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವರು. ಚತುರ್ಥಿ ವಿಭಕ್ತಿಯ ಕಾರಕಾರ್ಥ ಸಂಪ್ರದಾನ ಎಂದು ನಮಗೆ ಬಾಯಿಪಾಠ ಮಾಡಿಸುವಾಗ, ಸಂಪ್ರದಾನವೆಂದರೆ ಕೊಡುವಿಕೆ, ಕೊಡುವವನೊಬ್ಬ ಇಲ್ಲದೆ ಈ ವಿಭಕ್ತಿ ನಿಲ್ಲುವುದಿಲ್ಲ ಎಂದು ಒತ್ತಿ ಹೇಳುತ್ತಿದ್ದರು. ವ್ಯಾಕರಣ ಅಷ್ಟು ಕಟ್ಟುನಿಟ್ಟೇನೂ ಅಲ್ಲ ಎಂದು ಮುಂದೆ ತಿಳಿಯಿತು. ಆದರೂ ಆ ಪುಟದ ಮುಂದೆ ಕುಳಿತಾಗ ನನಗೆ ನೆನಪಾದದ್ದು ಅದೇ ಪಾಠ. ಇಲ್ಲಿ ಕೊಟ್ಟವರು ಯಾರು? ನನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಸೀರೆಯನ್ನೂ ಆ ಬೀಜವನ್ನೂ ಅಕ್ಕಪಕ್ಕ ಇಟ್ಟವರು ಯಾರೂ ಇಲ್ಲ. ಈ ಪ್ರಶ್ನೆ ಕಾಡಲು ಇನ್ನೊಂದು ಕಾರಣವೂ ಇತ್ತು. ಒಂದು ಕಾಲದಲ್ಲಿ ನಾನೇ ಇಂಥ ಪುಟವೊಂದನ್ನು ಒಬ್ಬರಿಗಾಗಿ ಜೋಡಿಸಿಕೊಟ್ಟಿದ್ದೆ, ಮತ್ತು ಆ ಒಬ್ಬರನ್ನು ನಾನು ತಪ್ಪಾಗಿ ತಿಳಿದಿದ್ದೆ.

ಸೈಬರ್ ಕೆಫೆಯ ಹಳದಿ ಪುಟ

ಅದಕ್ಕೂ ಮೊದಲು ಹೇಳಬೇಕಾದದ್ದು ಮಲೆನಾಡಿನ ಸಾಗರ ಪಟ್ಟಣದ ಒಂದು ಸೈಬರ್ ಕೆಫೆಯ ಸಂಗತಿ. 2005ರ ಸುಮಾರಿಗೆ ಬಸ್ ನಿಲ್ದಾಣದ ಹತ್ತಿರ, ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಕೋಣೆಯಲ್ಲಿ ಎಂಟು ಕಂಪ್ಯೂಟರುಗಳಿದ್ದವು. ಅವುಗಳಲ್ಲಿ ಬ್ರೌಸರ್ ತೆರೆದರೆ ಯಾಹೂ ಆಗಲಿ ಗೂಗಲ್ ಆಗಲಿ ಬರುತ್ತಿರಲಿಲ್ಲ. ಕೆಫೆಯ ಯಜಮಾನರು ತಾವೇ ನೋಟ್‌ಪ್ಯಾಡಿನಲ್ಲಿ ಬರೆದ ಎಚ್‌ಟಿಎಂಎಲ್ ಕಡತವೊಂದು, ಹಳದಿ ಹಿನ್ನೆಲೆಯ ಮೇಲೆ ದಪ್ಪ ನೀಲಿ ಅಕ್ಷರಗಳಲ್ಲಿ, ಸಿ ಡ್ರೈವಿನಿಂದಲೇ ತೆರೆದುಕೊಳ್ಳುತ್ತಿತ್ತು. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶ, ಸಿಇಟಿ, ರೈಲಿನ ಪಿಎನ್‌ಆರ್, ಯಾಹೂ ಮೇಲ್, ರೀಡಿಫ್ ಮೇಲ್, ಆರ್ಕುಟ್, ಹೀಗೆ ಹದಿನೈದಿಪ್ಪತ್ತು ಕೊಂಡಿಗಳು. ನೋಡಲು ಚೆನ್ನಾಗಿರಲಿಲ್ಲ. ಆದರೆ ಏಪ್ರಿಲ್ ಕೊನೆ ಬಂತೆಂದರೆ ಫಲಿತಾಂಶದ ಕೊಂಡಿ ಸಾಲಿನ ತುದಿಗೇರಿ ಕೆಂಪಾಗುತ್ತಿತ್ತು, ಜೂನ್ ಕಳೆದ ಮೇಲೆ ಮತ್ತೆ ಕೆಳಗಿಳಿಯುತ್ತಿತ್ತು. ಬಾಗಿಲು ತಳ್ಳಿಕೊಂಡು ಬರುವ ಹುಡುಗರ ಮುಖ ನೋಡಿಯೇ ಅವರಿಗೆ ಏನು ಬೇಕೆಂದು ಹೇಳಬಲ್ಲ ಮನುಷ್ಯರೊಬ್ಬರು ಆ ಪುಟದ ಹಿಂದಿದ್ದರು.

ಆ ಪುಟ ಬೇಗ ಹರಡಿತು. ಊರಿನ ಇತರ ಕೆಫೆಯವರು ಫ್ಲಾಪಿಯಲ್ಲಿ ತುಂಬಿಸಿಕೊಂಡು ಹೋದರು. ಒಮ್ಮೆ ಬೇರೊಂದು ಬೀದಿಯ ಕೆಫೆಯಲ್ಲಿ ಕುಳಿತಾಗ ಅದೇ ಹಳದಿ ಪುಟ ಕಂಡಿತು. ತುದಿಯಲ್ಲಿ ‘ಟೈಪಿಂಗ್, ಲ್ಯಾಮಿನೇಶನ್‌ಗೆ ಸಂಪರ್ಕಿಸಿ’ ಎಂದು ಮೊದಲ ಕೆಫೆಯವರ ಫೋನ್ ನಂಬರು ಹಾಗೆಯೇ ಇತ್ತು. ಎದುರಾಳಿಯ ಅಂಗಡಿಯಲ್ಲಿ ಕುಳಿತು ತಮ್ಮ ಪುಟ ತಮಗೇ ಗಿರಾಕಿ ಕಳಿಸುತ್ತಿರುವುದನ್ನು ನಾನು ಹೇಳಿದಾಗ ಯಜಮಾನರು ಬಹಳ ಹೊತ್ತು ನಕ್ಕರು. ನಕಲು ಮಾಡಿದ್ದಕ್ಕೆ ಸಿಟ್ಟು ಮಾಡಿಕೊಳ್ಳಲಿಲ್ಲ.

ಇದೇ ಕಥೆಯ ದೊಡ್ಡ ರೂಪವೊಂದು ಚೀನಾದಲ್ಲಿ ನಡೆದಿತ್ತೆಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಗ್ವಾಂಗ್‌ಡಾಂಗ್ ಪ್ರಾಂತ್ಯದ ಇಂಟರ್ನೆಟ್ ಕೆಫೆಯೊಂದರಲ್ಲಿ ಕೆಲಸಕ್ಕಿದ್ದ ಲಿ ಶಿಂಗ್‌ಪಿಂಗ್ ಎಂಬ ಯುವಕ, ಬಂದವರಿಗೆ ವಿಳಾಸಗಳನ್ನು ಟೈಪು ಮಾಡುವ ಕಷ್ಟ ತಪ್ಪಿಸಲು, 1999ರಲ್ಲಿ ಕೊಂಡಿಗಳ ಒಂದು ಪುಟ ಮಾಡಿಟ್ಟ. ಅದು ಒಂದು ಕೆಫೆಯಿಂದ ಇನ್ನೊಂದಕ್ಕೆ ಹಬ್ಬಿ ‘ಹಾವ್123’ ಎಂಬ ಹೆಸರಿನಲ್ಲಿ ದೇಶದುದ್ದಕ್ಕೂ ಜನರ ಮುಖಪುಟವಾಯಿತು. 2004ರಲ್ಲಿ ಬೈದು ಕಂಪನಿ ಅದನ್ನು ಕೊಂಡುಕೊಂಡಿತು. ಸಾಗರದ ಹಳದಿ ಪುಟವನ್ನು ಯಾರೂ ಕೊಳ್ಳಲಿಲ್ಲ. ಆ ಕೋಣೆಯಲ್ಲಿ ಈಗ ಮೊಬೈಲ್ ಕವರುಗಳನ್ನು ಮಾರುತ್ತಾರೆ.

ಪೆಟ್ಟಿಗೆಗಳ ಕಾಲ

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನಗೆ ಇದರ ನಾಜೂಕಿನ ರೂಪ ಪರಿಚಯವಾಯಿತು. ಮೈ ಯಾಹೂ 1996ರಿಂದಲೂ ಇತ್ತು. 2005ರಲ್ಲಿ ಗೂಗಲ್ ತನ್ನ ವೈಯಕ್ತಿಕ ಮುಖಪುಟವನ್ನು ತಂದಿತು, 2007ರ ಏಪ್ರಿಲ್‌ನಲ್ಲಿ ಅದಕ್ಕೆ ಐಗೂಗಲ್ ಎಂದು ಹೆಸರಿಟ್ಟಿತು. ಪ್ಯಾರಿಸ್‌ನಿಂದ ನೆಟ್‌ವೈಬ್ಸ್ ಬಂತು. ಪೇಜ್‌ಫ್ಲೇಕ್ಸ್ ಎಂಬ ಇನ್ನೊಂದರಲ್ಲಿ ನೀವು ಜೋಡಿಸಿದ ಪುಟವನ್ನು ‘ಪೇಜ್‌ಕಾಸ್ಟ್’ ಎಂದು ಲೋಕಕ್ಕೆಲ್ಲ ತೆರೆದಿಡಬಹುದಾಗಿತ್ತು. ಎಲ್ಲದರ ಒಳಗೂ ಒಂದೇ ಉಪಾಯ: ಪುಟವನ್ನು ಪೆಟ್ಟಿಗೆಗಳಾಗಿ ಒಡೆದು, ಒಂದರಲ್ಲಿ ಹವಾಮಾನ, ಒಂದರಲ್ಲಿ ಸುದ್ದಿ, ಒಂದರಲ್ಲಿ ಅಂಚೆ ಎಂದು ತುಂಬಿ, ಮೌಸಿನಿಂದ ಎಳೆದು ಬೇಕಾದಲ್ಲಿ ಕೂರಿಸುವುದು.

ಪೆಟ್ಟಿಗೆಗಳಿಗೆ ಸುದ್ದಿ ಹರಿದು ಬರುತ್ತಿದ್ದದ್ದು ಆರ್‌ಎಸ್‌ಎಸ್ ಎಂಬ ಕಾಲುವೆಯಿಂದ. ಈ ಮೂರಕ್ಷರ ಕೇಳಿದೊಡನೆ ನಮ್ಮ ಕಡೆಯ ಓದುಗರಿಗೆ ಬೇರೇನೋ ನೆನಪಾಗುವುದು ಸಹಜ. ಇಲ್ಲಿ ಅದು ಜಾಲತಾಣವೊಂದರ ಹೊಸ ಬರಹಗಳ ಪಟ್ಟಿಯನ್ನು ಇನ್ನೊಂದು ತಾಣಕ್ಕೆ ಒದಗಿಸುವ ಕಡತದ ವಿನ್ಯಾಸ. ಅದು ಹುಟ್ಟಿದ್ದೇ ಮುಖಪುಟಕ್ಕಾಗಿ ಎಂಬುದು ನನಗೆ ತಡವಾಗಿ ತಿಳಿಯಿತು. 1999ರ ಮಾರ್ಚ್‌ನಲ್ಲಿ ನೆಟ್‌ಸ್ಕೇಪ್ ಕಂಪನಿಯ ‘ಮೈ ನೆಟ್‌ಸ್ಕೇಪ್’ ಪುಟದ ಪೆಟ್ಟಿಗೆಗಳನ್ನು ತುಂಬಲೆಂದು ಅದನ್ನು ರೂಪಿಸಿದವರು ಡ್ಯಾನ್ ಲಿಬ್ಬಿ ಮತ್ತು ಮದ್ರಾಸಿನ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ. ನೆಟ್‌ಸ್ಕೇಪ್ ಎರಡೇ ವರ್ಷದಲ್ಲಿ ಅದರ ಕೈಬಿಟ್ಟರೂ ಬ್ಲಾಗುಗಳು ಹಿಡಿದುಕೊಂಡವು. ಕನ್ನಡದ ಮಟ್ಟಿಗೆ ಇದರಿಂದ ವಿಚಿತ್ರವೊಂದು ನಡೆಯಿತು. ಆಗ ದೊಡ್ಡ ಪತ್ರಿಕೆಗಳ ತಾಣಗಳು ತಮ್ಮ ತಮ್ಮ ಖಾಸಗಿ ಫಾಂಟುಗಳಲ್ಲಿ ಸಿಕ್ಕಿಬಿದ್ದಿದ್ದವು, ಬ್ಲಾಗು ಬರೆಯುವವರು ಎಲ್ಲ ತಾಣಗಳಿಗೂ ಹೊಂದುವ ಯೂನಿಕೋಡ್ ಎಂಬ ಅಕ್ಷರ ಸಂಕೇತಕ್ಕೆ ಬಂದಾಗಿತ್ತು. ಹೀಗಾಗಿ ನನ್ನ ಮುಖಪುಟದ ಕನ್ನಡದ ಮೂಲೆಯಲ್ಲಿ ಮುಖ್ಯಮಂತ್ರಿಗಳ ಸುದ್ದಿ ಇರುತ್ತಿರಲಿಲ್ಲ. ಯಾರೋ ಒಬ್ಬರ ಅಜ್ಜಿಯ ತಂಬುಳಿಯೂ, ಇನ್ನೊಬ್ಬರ ಚಾರಣದ ಜಿಗಣೆಯೂ ಇರುತ್ತಿದ್ದವು.

ಮೇಷ್ಟರಿಗೆ ಜೋಡಿಸಿದ್ದು, ಬೆಳೆಗಾರರು ತೆರೆದದ್ದು

2008ರಲ್ಲಿ ಅಪ್ಪನಿಗೆ ಕಂಪ್ಯೂಟರ್ ಕೊಡಿಸಿದೆವು. ವಿಂಡೋಸ್ ಎಕ್ಸ್‌ಪಿ. ಅದರಲ್ಲಿ ತುಂಗಾ ಎಂಬ ಕನ್ನಡ ಫಾಂಟು ಇದ್ದರೂ ಪ್ರಾದೇಶಿಕ ಆಯ್ಕೆಗಳ ಒಳಗೆ ಹೋಗಿ, ಸಂಕೀರ್ಣ ಲಿಪಿಗಳ ಚೌಕಕ್ಕೆ ಗುರುತು ಹಾಕಿ, ಕಂಪ್ಯೂಟರ್ ಕೇಳಿದಾಗ ಸಿಡಿ ತುರುಕಿದರೆ ಮಾತ್ರ ಒತ್ತಕ್ಷರಗಳು ತಮ್ಮ ಸ್ಥಳದಲ್ಲಿ ಕೂರುತ್ತಿದ್ದವು. ಆ ಸಿಡಿ ಹುಡುಕಲು ಒಂದು ಸಂಜೆ ಹೋಯಿತು. ಮರುದಿನ ಬೆಳಿಗ್ಗೆ ಕುಳಿತು ಅಪ್ಪನಿಗೆ ಐಗೂಗಲ್ ಪುಟ ಜೋಡಿಸಿದೆ. ಕನ್ನಡ ಮೇಷ್ಟರಲ್ಲವೇ ಎಂದು ಎಡಗಡೆಯ ಕಂಬ ಪೂರ್ತಿ ಸಾಹಿತ್ಯದ ತಾಣಗಳು, ಬ್ಲಾಗುಗಳು. ನಡುವೆ ಕನ್ನಡ ವಿಕಿಪೀಡಿಯ. ಬಲಗಡೆ ಅಂಚೆ, ಪಂಚಾಂಗ. ಹಿನ್ನೆಲೆಗೆ ಟೀ ಹೌಸ್ ಎಂಬ ಚಿತ್ರ ಹಾಕಿದೆ. ಅದರಲ್ಲಿ ಒಂದು ನರಿಯಿತ್ತು, ಹೊತ್ತಿಗೆ ತಕ್ಕಂತೆ ಅದು ಬೇರೆ ಬೇರೆ ಕೆಲಸದಲ್ಲಿ ತೊಡಗಿರುತ್ತಿತ್ತು. ನನಗೆ ನನ್ನ ಕೆಲಸದ ಬಗ್ಗೆ ಬಹಳ ಹೆಮ್ಮೆಯಿತ್ತು.

ಮೂರು ವಾರ ಬಿಟ್ಟು ಊರಿಗೆ ಹೋದಾಗ ಅಪ್ಪ ಪುಟವನ್ನು ತೆರೆದು, ಸಾಹಿತ್ಯದ ಕಂಬವನ್ನು ಹಾದು, ಗೂಗಲ್‌ನ ಹುಡುಕುವ ಪೆಟ್ಟಿಗೆಯಲ್ಲಿ ಒಂದೊಂದೇ ಇಂಗ್ಲಿಷ್ ಅಕ್ಷರ ಒತ್ತಿ ಅಡಿಕೆಯ ಧಾರಣೆ ಹುಡುಕುತ್ತಿದ್ದರು. ಹತ್ತಿರ ಹೋಗಿ ಕುಳಿತೆ. ಧಾರಣೆ ಮುಗಿದ ಮೇಲೆ ಲಿಂಗನಮಕ್ಕಿ ಜಲಾಶಯದ ನೀರಿನ ಮಟ್ಟ. ಅದು ಮುಗಿದ ಮೇಲೆ ನ್ಯೂಜೆರ್ಸಿಯ ಎಡಿಸನ್ ಎಂಬ ಊರಿನ ಹವಾಮಾನ, ಏಕೆಂದರೆ ಅಕ್ಕ ಅಲ್ಲಿದ್ದಳು. ಈ ಮೂರಕ್ಕೂ ಸೇರಿ ಅರ್ಧ ಗಂಟೆ ಹಿಡಿಯಿತು. ನಾನು ಮಾಡಿಟ್ಟ ಪುಟದಲ್ಲಿ ಅಪ್ಪ ಮುಟ್ಟುತ್ತಿದ್ದ ವಸ್ತುವೆಂದರೆ ನರಿ ಮಾತ್ರ. "ದಿನಾ ಬೆಳಿಗ್ಗೆ ನರಿ ಮುಖ ನೋಡ್ತಾ ಇದೀನಿ ಮಾರಾಯ, ಆದ್ರೂ ರಾಶಿ ಅಡಿಕೆ ರೇಟು ಏರ್ಲಿಲ್ಲ" ಎಂದರು.

ಅಪ್ಪನ ಪಾಲಿಗೆ ಬಂದ ಎರಡು ಎಕರೆ ತೋಟವನ್ನು ನಾನು ಯಾವತ್ತೂ ಅವರ ಉಪವೃತ್ತಿಯೆಂದೇ ಎಣಿಸಿದ್ದೆ. ನಿವೃತ್ತರಾಗಿ ಆರು ವರ್ಷ ಕಳೆದಿತ್ತು, ಅಷ್ಟರಲ್ಲಿ ಅದೇ ಅವರ ದಿನವಾಗಿತ್ತು. ನನ್ನ ತಲೆಯಲ್ಲಿ ಮಾತ್ರ ಅವರ ಕೈಯಲ್ಲಿ ಇನ್ನೂ ಸೀಮೆಸುಣ್ಣವಿತ್ತು. ಒಬ್ಬರಿಗೆ ಮುಖಪುಟ ಜೋಡಿಸುವುದೆಂದರೆ ಅವರ ಬೆಳಗನ್ನು ಊಹಿಸುವುದು, ಮತ್ತು ಊಹೆ ತಪ್ಪಾದರೆ ಆ ತಪ್ಪು ಪೆಟ್ಟಿಗೆ ಪೆಟ್ಟಿಗೆಯಾಗಿ ಕಣ್ಣೆದುರು ಕಾಣುತ್ತದೆ. ಅಂದು ಮಧ್ಯಾಹ್ನ ಎಲ್ಲವನ್ನೂ ತೆಗೆದು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಜೋಡಿಸಿದೆ. ಸರ್ಕಾರದ ಕೃಷಿ ಮಾರಾಟ ವಾಹಿನಿ ತಾಣದ ಧಾರಣೆಯ ಪುಟ ಎಲ್ಲಕ್ಕಿಂತ ಮೇಲೆ. ಅದರ ಕೆಳಗೆ ಜಲಾಶಯ. ಎಡಿಸನ್‌ನ ಹವಾಮಾನ ಬಲಗಡೆ, ಕಣ್ಣಿಗೆ ಮೊದಲು ಬೀಳುವಲ್ಲಿ. ಪಹಣಿಯ ಕೊಂಡಿ ಇರಲಿ, ಆದರೆ ಕೆಳಗಿರಲಿ, "ಅದನ್ನ ದಿನಾ ನೋಡಿದ್ರೆ ನಿದ್ದೆ ಬರಲ್ಲ" ಎಂದರು. ಸಾಹಿತ್ಯದಲ್ಲಿ ಒಂದೇ ಒಂದು ಬ್ಲಾಗು ಉಳಿಯಿತು, ಅದೂ ಬರೆದವರು ಅವರ ಹಳೆಯ ವಿದ್ಯಾರ್ಥಿ ಎಂಬ ಕಾರಣಕ್ಕೆ.

ಹೆಸರಿನ ಬಗ್ಗೆಯೂ ಅಪ್ಪನದೊಂದು ತಕರಾರಿತ್ತು. ಹೋಮ್ ಪೇಜ್ ಎಂಬುದನ್ನು ನಾವು ಮುಖಪುಟ ಮಾಡಿಕೊಂಡಿದ್ದೇವೆ, ಮನೆಯನ್ನು ಬಿಟ್ಟು ಮುಖವನ್ನು ಹಿಡಿದಿದ್ದೇವೆ. ಮುಖಪುಟವೆಂದರೆ ಪತ್ರಿಕೆಯವರು ಊರಿಗೆಲ್ಲ ತೋರಿಸುವಂಥದ್ದು, ಇದು ಹಾಗಲ್ಲ, ಇದು ಜಗಲಿ ಎಂದರು. ಮಲೆನಾಡಿನ ಮನೆಗಳ ಜಗಲಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಪೇಪರು, ಕವಳದ ಬಟ್ಟಲು, ಕನ್ನಡಕ, ಛತ್ರಿ, ಬಂದವರು ಕೂರುವ ಮಣೆ, ಎಲ್ಲವೂ ಕೈಗೆಟಕುವ ಅದದೇ ಜಾಗದಲ್ಲಿ. ಅಂದಹಾಗೆ, ಹೋಮ್ ಪೇಜ್ ಎಂಬ ಮಾತಿಗೆ ಮೊದಲು ಇದ್ದ ಅರ್ಥವೂ ಬ್ರೌಸರ್ ತೆರೆದಾಗ ನಿಮಗೆ ಕಾಣುವ ನಿಮ್ಮದೇ ಪುಟ ಎಂಬುದೇ; ಸಂಸ್ಥೆಗಳ ತಾಣಗಳ ಮೊದಲ ಪುಟಕ್ಕೆ ಆ ಹೆಸರು ಅಂಟಿಕೊಂಡದ್ದು ಆಮೇಲೆ. ಅಪ್ಪನಿಗೆ ಇದನ್ನು ಹೇಳಿದಾಗ ಅವರಿಗೇನೂ ಆಶ್ಚರ್ಯವಾಗಲಿಲ್ಲ.

ಗೆಲ್ಲು ಕೊಡುವುದು, ಕೆರೆ ಹಂಚಿಕೊಳ್ಳುವುದು

ಈ ಪುಟವನ್ನು ಅಕ್ಕನೂ ಕೇಳಿದಳು. ಐಗೂಗಲ್‌ನಲ್ಲಿ ಒಂದು ಟ್ಯಾಬನ್ನು ಇಡಿಯಾಗಿ ಇನ್ನೊಬ್ಬರಿಗೆ ಇಮೇಲಿನಲ್ಲಿ ಕಳಿಸುವ ಅವಕಾಶವಿತ್ತು. ಕಳಿಸಿದೆ. ಎಡಿಸನ್‌ನಲ್ಲಿ ಕುಳಿತು ಅಡಿಕೆ ಧಾರಣೆಯಿಂದ ಅವಳಿಗೇನು ಆಗಬೇಕಿತ್ತು? ಆದರೆ ಅವಳು ಆ ಪುಟವನ್ನು ಅಪ್ಪನ ಮನಸ್ಥಿತಿಯ ಮಾಪಕದಂತೆ ಬಳಸುತ್ತಿದ್ದಳು, ಧಾರಣೆ ಬಿದ್ದ ದಿನ ಫೋನಿನಲ್ಲಿ ಮೊದಲು ಮಕ್ಕಳ ವಿಷಯ ಎತ್ತುತ್ತಿದ್ದಳು. ಸ್ವಲ್ಪ ದಿನದಲ್ಲೇ ಅವಳು ತನ್ನ ಪುಟದಿಂದ ಜಲಾಶಯವನ್ನು ತೆಗೆದು ಅಡುಗೆಯ ತಾಣವೊಂದನ್ನು ಸೇರಿಸಿಕೊಂಡಳು; ಅಪ್ಪನ ಪುಟದಲ್ಲಿ ಜಲಾಶಯ ಹಾಗೆಯೇ ಇತ್ತು. ದಾಸವಾಳದ ಗೆಲ್ಲು ಮುರಿದುಕೊಟ್ಟ ಹಾಗೆ ಇದು: ಕೊಟ್ಟಾದ ಮೇಲೆ ಅವರ ಅಂಗಳದ್ದು ಅವರದು, ನಮ್ಮದು ನಮ್ಮದು.

ಇನ್ನೊಂದು ಬಗೆಯ ಹಂಚಿಕೆಯೂ ಅದೇ ತಾಣದಲ್ಲಿತ್ತು. 2007ರಲ್ಲಿ ಐಗೂಗಲ್ ಎಂಬ ಹೆಸರಿನ ಜೊತೆಗೇ, ಪ್ರೋಗ್ರಾಮಿಂಗ್ ಬಾರದವರೂ ಸಣ್ಣ ಪೆಟ್ಟಿಗೆಗಳನ್ನು ಮಾಡಿ ಬಂಧುಗಳಿಗೆ ಕಳಿಸುವ ಸಲಕರಣೆಯೂ ಬಂದಿತ್ತು. ಚಿತ್ರದ ಚೌಕಟ್ಟು, ಇಷ್ಟದ ವಸ್ತುಗಳ ಪಟ್ಟಿ, ದಿನ ಎಣಿಸುವ ಪೆಟ್ಟಿಗೆ. ಅಕ್ಕ ಕೊನೆಯದನ್ನು ಮಾಡಿ ಅಪ್ಪನಿಗೆ ಕಳಿಸಿದಳು: ಅವಳು ಊರಿಗೆ ಬರಲು ಇನ್ನೆಷ್ಟು ದಿನ ಎಂದು. ಇದರ ನೀರು ಒಂದೇ ಕಡೆಯಿಂದ ಬರುವಂಥದ್ದು. ಟಿಕೆಟಿನ ದಿನಾಂಕ ಮುಂದೆ ಹೋದಾಗ ಅಕ್ಕ ಅಲ್ಲಿ ತಿದ್ದಿದಳು, ಇಲ್ಲಿ ಅಪ್ಪನ ಪುಟದಲ್ಲಿ 43 ಇದ್ದದ್ದು ಮರುದಿನ 61 ಆಯಿತು. ಅಪ್ಪ ನನಗೆ ಫೋನು ಮಾಡಿ, ಪೆಟ್ಟಿಗೆ ಕೆಟ್ಟಿದೆ, ಹಿಂದಕ್ಕೆ ಎಣಿಸುತ್ತಿದೆ ಎಂದರು. ಅಕ್ಕ ಇನ್ನೂ ವಿಷಯವನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹೀಗೆ ಹಂಚಿಕೊಂಡದ್ದು ಊರ ಕೆರೆಯ ಹಾಗೆ, ಮೇಲೆ ಯಾರು ತೂಬು ಮುಚ್ಚಿದರೂ ಕೆಳಗಿನವರಿಗೆ ಮಾತಿಗಿಂತ ಮೊದಲು ನೀರಿನಿಂದಲೇ ಗೊತ್ತಾಗುತ್ತದೆ. ನನಗೆ ಗೆಲ್ಲು ಕೊಡುವ ಪದ್ಧತಿಯೇ ಹೆಚ್ಚು ಇಷ್ಟ. ಹಳತಾದರೂ ಅದು ಸುಳ್ಳು ಹೇಳುವುದಿಲ್ಲ ಎಂದು ಬಹಳ ವರ್ಷ ನಂಬಿದ್ದೆ.

ಐಗೂಗಲ್ ಮುಚ್ಚುತ್ತದೆಂಬ ಪ್ರಕಟಣೆ 2012ರ ಜುಲೈನಲ್ಲಿ ಬಂತು. ನಿಜವಾಗಿ ಮುಚ್ಚಿದ್ದು 2013ರ ನವೆಂಬರ್ 1ರಂದು, ನಮಗೆ ರಾಜ್ಯೋತ್ಸವದ ದಿನ. ಹದಿನಾರು ತಿಂಗಳ ಎಚ್ಚರಿಕೆಯಿದ್ದರೂ ನಾನು ಏನೂ ಮಾಡಿರಲಿಲ್ಲ. "ನರಿ ಹೋಯ್ತು" ಎಂದು ಅಪ್ಪನ ಫೋನು ಬಂತು. ಆ ವಾರಾಂತ್ಯ ಊರಿಗೆ ಹೋಗಿ, ಬೇರೆ ಕಂಪನಿಯ ತಾಣವನ್ನು ಮತ್ತೆ ನೆಚ್ಚಿಕೊಳ್ಳಲು ಮನಸ್ಸಾಗದೆ, ಸಾಗರದ ಕೆಫೆಯ ಯಜಮಾನರು ಮಾಡಿದ್ದನ್ನೇ ಮಾಡಿದೆ. ನೋಟ್‌ಪ್ಯಾಡ್, ಒಂದು ಎಚ್‌ಟಿಎಂಎಲ್ ಕಡತ, ದೊಡ್ಡ ಅಕ್ಷರದ ಹನ್ನೆರಡು ಕೊಂಡಿಗಳು, ಹವಾಮಾನದ ತಾಣವೊಂದು ಉಚಿತವಾಗಿ ಕೊಡುತ್ತಿದ್ದ ನಾಲ್ಕು ಸಾಲಿನ ಕೋಡಿನಿಂದ ಎಡಿಸನ್‌ನ ಉಷ್ಣಾಂಶ. ಹಿನ್ನೆಲೆ ಹಳದಿಯಲ್ಲ, ಅಷ್ಟರಮಟ್ಟಿಗೆ ನಾನು ಮುಂದುವರಿದಿದ್ದೆ.

ಕೇಳುವ ಯಂತ್ರ, ಕೇಳದ ಯಂತ್ರ

2007ರಲ್ಲಿ ಒಪೆರಾ ಬ್ರೌಸರ್ ಹೊಸ ಟ್ಯಾಬಿನಲ್ಲಿ ಒಂಬತ್ತು ಖಾಲಿ ಚೌಕಗಳನ್ನಿಟ್ಟು, ನಿಮಗೆ ಬೇಕಾದ್ದನ್ನು ತುಂಬಿಕೊಳ್ಳಿ ಎಂದಿತು. ಮರುವರ್ಷ ಬಂದ ಕ್ರೋಮ್‌ನಲ್ಲಿಯೂ ಒಂಬತ್ತೇ ಚೌಕಗಳು. ಆದರೆ ಅವನ್ನು ನೀವು ತುಂಬಬೇಕಿರಲಿಲ್ಲ, ನೀವು ಹೆಚ್ಚು ಸಲ ಹೋದ ತಾಣಗಳನ್ನು ಅದೇ ಎಣಿಸಿ ಇಡುತ್ತಿತ್ತು. ನೋಡಲು ಎರಡೂ ಒಂದೇ, ಆದ್ದರಿಂದ ಆಗ ನನಗೆ ವ್ಯತ್ಯಾಸ ಹೊಳೆದಿರಲಿಲ್ಲ. ಕ್ರೋಮ್‌ನ ದಾರಿ ಎಷ್ಟೋ ಸುಲಭ, ಸೋಮಾರಿಯಾದ ನನಗೆ ಅದೇ ಹಿಡಿಸಿತು. ಆದರೆ ಎಣಿಕೆಗೆ ಸಿಗುವುದು ಹೋದ ತಾಣಗಳು ಮಾತ್ರ. ಅಪ್ಪ ಪಹಣಿಯನ್ನು ಕೆಳಗಿಡಿಸಿದ್ದಕ್ಕೆ ಕಾರಣ ಅದು ಬೇಡವೆಂದಲ್ಲ, ನೋಡಿದರೆ ಸಂಕಟವಾಗುತ್ತದೆಂದು. ವ್ಯಾಜ್ಯ ನಡೆಯುತ್ತಿದ್ದ ದಿನಗಳಲ್ಲಿ ಅವರು ಅದನ್ನೇ ಹತ್ತಾರು ಸಲ ತೆರೆಯುತ್ತಿದ್ದರು. ಎಣಿಸುವ ಯಂತ್ರವಾಗಿದ್ದರೆ ಅದನ್ನೇ ತಂದು ಮೇಲೆ ಕೂರಿಸುತ್ತಿತ್ತು. ನಾನೂ ಮೊದಲ ಸಲ ಯಂತ್ರಕ್ಕಿಂತ ಕೆಟ್ಟದಾಗಿಯೇ ಊಹಿಸಿದ್ದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ನನಗೆ ಫೋನು ಮಾಡಿ ಬೈಯಬಹುದಾಗಿತ್ತು.

ಜೋಡಿಸಿ ಹಂಚುವವರು ಈಗಲೂ ಇಲ್ಲವೆಂದಲ್ಲ. ಸಿಂಬಲೂವಿನ ಚೌಕಗಳನ್ನು ಶಿಕ್ಷಕರು ತರಗತಿಗೆ ಮಾಡಿಕೊಡುತ್ತಾರೆ, ಸ್ಟಾರ್ಟ್.ಮಿಯಲ್ಲಿ ಒಂದೊಂದು ಆಸಕ್ತಿಗೂ ಯಾರೋ ಶ್ರಮಪಟ್ಟು ಕೂಡಿಸಿದ ಪುಟಗಳು ಸಿಗುತ್ತವೆ. ಆದರೆ ಅವು ವಿಷಯಕ್ಕಾಗಿ ಮಾಡಿದವು. ಒಬ್ಬರ ಬೆಳಗಿಗಾಗಿ ಮಾಡಿದ ಪುಟ ಎಲ್ಲಿಯಾದರೂ ಇದ್ದರೆ ಅದು ನಮ್ಮ ಅಪ್ಪನದರಂತೆ ಯಾವುದೋ ಸಿ ಡ್ರೈವಿನಲ್ಲಿ ಇರಬೇಕು, ಹುಡುಕಿದರೆ ಸಿಗುವಂಥದ್ದಲ್ಲ.

ಭಟ್ಟರ ಮನೆಯ ಉಷ್ಣಾಂಶ

2015ರಲ್ಲಿ ಪಕ್ಕದ ಮನೆಯ ಭಟ್ಟರು ಕಂಪ್ಯೂಟರ್ ತಂದರು. ಅಪ್ಪ ತಮ್ಮ ಪುಟವನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅವರಿಗೂ ಹಾಕಿಸಿಕೊಟ್ಟರು. ಧಾರಣೆ, ಜಲಾಶಯ, ಪಹಣಿ, ಎಲ್ಲವೂ ಭಟ್ಟರಿಗೂ ಬೇಕಾದವೇ. ಜೊತೆಗೆ ಎಡಿಸನ್ನೂ ಹೋಯಿತು. ಅದನ್ನು ತೆಗೆದು ಸಾಗರದ ಹವಾಮಾನ ಹಾಕಿಕೊಡುತ್ತೇನೆ ಎಂದು ನಾನು ಹೇಳಿದ್ದಕ್ಕೆ ಭಟ್ಟರು, ಸಾಗರದ್ದು ಕಿಟಕಿಯಲ್ಲಿ ಕಾಣುತ್ತದೆ ಎಂದುಬಿಟ್ಟರು. ಅಂದಿನಿಂದ ಬೆಳಿಗ್ಗೆ ಬೇಲಿಯ ಆಚೆಯಿಂದ ವರದಿ ಬರತೊಡಗಿತು: "ಮೇಷ್ಟ್ರೇ, ಮಗಳ ಊರಲ್ಲಿ ಇವತ್ತು ಮೈನಸ್ ಆರು." ಅಕ್ಕ ಊರಿಗೆ ಬಂದಾಗ ಭಟ್ಟರು ಅವಳನ್ನು ಕೂರಿಸಿಕೊಂಡು, ಇಂಥ ತಿಂಗಳು ಅಷ್ಟು ಹಿಮ ಬಿತ್ತಲ್ಲ, ಹೇಗೆ ನಿಭಾಯಿಸಿದೆ ಎಂದು ವಿಚಾರಿಸಿದರು. ಅವಳಿಗೇ ಅದು ಮರೆತುಹೋಗಿತ್ತು.

ಅಕ್ಕನ ಸಂಸಾರ 2021ರಲ್ಲಿ ಟೆಕ್ಸಸ್‌ನ ಆಸ್ಟಿನ್‌ಗೆ ಹೋಯಿತು. ಅಪ್ಪನ ಪುಟದಲ್ಲಿ ನಾನು ಊರು ಬದಲಾಯಿಸಿದೆ. ಭಟ್ಟರ ಪುಟ ಗೆಲ್ಲು ಮುರಿದು ನೆಟ್ಟದ್ದಲ್ಲವೇ, ಅದು ಎಡಿಸನ್‌ನಲ್ಲೇ ಉಳಿಯಿತು. ಕಳೆದ ಚಳಿಗಾಲದಲ್ಲಿ ಹೋದಾಗ, ಧಾರಣೆಯ ಕೊಂಡಿ ಸತ್ತಿದೆಯೆಂದು ಭಟ್ಟರು ಕರೆದರು. ಅದನ್ನು ಸರಿಮಾಡಿ, ಕೈ ತಾಗಿದ್ದರಲ್ಲೇ ಊರನ್ನೂ ತಿದ್ದಲು ಹೊರಟೆ. "ಅದು ಇರ್ಲಿ ಬಿಡೋ" ಎಂದರು. ಮಗಳು ಈಗ ಅಲ್ಲಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಇಷ್ಟು ವರ್ಷದಿಂದ ನೋಡಿ ಅಭ್ಯಾಸವಾಗಿದೆ, ಈಗ ನೋಡದಿದ್ದರೆ ಅಲ್ಲಿ ಏನಾಯಿತೋ ಎನ್ನಿಸುತ್ತದೆ ಎಂದರು.

ಸಂಜೆ ಅಪ್ಪನ ಜಗಲಿಯಲ್ಲಿ ಇಬ್ಬರೂ ಕವಳದ ಬಟ್ಟಲಿನ ಎರಡು ಕಡೆ ಕುಳಿತಿದ್ದರು. ಆಸ್ಟಿನ್‌ನಲ್ಲಿ ಹದಿನೆಂಟು ಎಂದು ಅಪ್ಪ ಹೇಳಿದರು. ಭಟ್ಟರು ಸುಣ್ಣ ಸವರುತ್ತ, ಎಡಿಸನ್‌ನಲ್ಲಿ ಮೈನಸ್ ಎರಡು, ನಾಳೆಗೆ ಇನ್ನೂ ಇಳಿಯುತ್ತದಂತೆ ಎಂದರು. "ಹೌದಾ?" ಎಂದ ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಹಿಮ ಬೀಳುತ್ತೆ ಭಟ್ರೇ" ಎಂದರು.